ತಲೆ ಮೊದಲೋ, ಕಾಲು ಮೊದಲೋ?

ಬೇಸಿಗೆ ರಜೆ ಬಂತೆಂದರೆ ಚಿಗಟೇರಿಯ ಸುತ್ತಮುತ್ತಲ ಹೊಲಗಳ ಬಾವಿಗಳಲ್ಲಿ ಹುಡುಗರ ಗದ್ದಲ. ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಈಸು ಕಲಿಯುತ್ತಿದ್ದ ಕಾಲ ಹೋಗಿ ಈಗ ಖಾಲಿ ಪ್ಲಾಸ್ಟಿಕ್ ಕ್ಯಾನು ಬಂದಿದೆ, ಅಷ್ಟೇ ವ್ಯತ್ಯಾಸ. ಪಂಪ್‌ಸೆಟ್ ಕೋಣೆಯ ಮಾಳಿಗೆ ಹತ್ತಿ, ತಲೆ ಕೆಳಗೆ ಮಾಡಿ ಧುಮುಕುವವನೇ ಗುಂಪಿಗೆ ಹೀರೋ. ಆ ವಯಸ್ಸಿನಲ್ಲಿ ನಾನೂ ಹಾಗೆ ಧುಮುಕಿದವನೇ. ಏನೂ ಆಗಲಿಲ್ಲ ಎಂಬುದು ನನ್ನ ಜಾಣತನವಲ್ಲ, ಆಗ ಬಾವಿಗಳಲ್ಲಿ ನೀರಿತ್ತು.

ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಹದಿನೇಳರ ಹುಡುಗನೊಬ್ಬನನ್ನು ಹೊರಸಿನ ಮೇಲೆ ಹೊತ್ತು ತಂದರು. ನಡು ಜೋತುಬಿದ್ದ ಹಗ್ಗದ ಹೊರಸು. ಹುಡುಗನಿಗೆ ಪೂರ್ತಿ ಎಚ್ಚರವಿತ್ತು, ಹೆಸರು ಹೇಳಿದ. ನೆತ್ತಿಯ ಮೇಲೆ ಒಂದು ತರಚು ಗಾಯ, ಅಷ್ಟೇ. "ಎಲ್ಲೂ ಪೆಟ್ಟಾಗಿಲ್ರಿ ಡಾಕ್ಟ್ರೇ, ರಕ್ತಾನೂ ಬಂದಿಲ್ಲ. ಹೆದರಿಕೊಂಡಾನ, ಒಂದು ಸೂಜಿ ಹಾಕ್ರಿ" ಎಂದರು ಅವನ ತಂದೆ. ನಾನು ಅಂಗಾಲಿಗೆ ಪಿನ್ನು ಚುಚ್ಚಿದೆ. ಹುಡುಗ ಸೂರು ನೋಡುತ್ತ ಮಲಗಿದ್ದ. ಮೊಣಕಾಲು, ಹೊಟ್ಟೆ, ಎದೆ, ಎಲ್ಲಿ ಚುಚ್ಚಿದರೂ ಗೊತ್ತಾಗಲಿಲ್ಲ. ಭುಜದ ಹತ್ತಿರ ಬಂದಾಗ "ಹಾ" ಎಂದ. ಉಸಿರಾಡುವಾಗ ಹೊಟ್ಟೆ ಮಾತ್ರ ಏರಿಳಿಯುತ್ತಿತ್ತು, ಎದೆಗೂಡು ಅಲುಗುತ್ತಿರಲಿಲ್ಲ. ಕುತ್ತಿಗೆ ಮುರಿದಿತ್ತು.

ಇದನ್ನು ಬರೆಯಲು ಕಾರಣ, ಮೊನ್ನೆ ಒಬ್ಬ ತಾಯಿ ಕೇಳಿದ ಪ್ರಶ್ನೆ. ಟೀವಿಯಲ್ಲಿ ಒಲಿಂಪಿಕ್ಸ್ ಡೈವಿಂಗ್ ನೋಡಿದ ಮಗ ಬಾವಿಗೆ ಹಾಗೇ ಹಾರುತ್ತೇನೆ ಎನ್ನುತ್ತಾನಂತೆ. "ಅವರಿಗೆ ಏನೂ ಆಗೋದಿಲ್ಲ, ಇವನಿಗ್ಯಾಕೆ ಆಗಬೇಕು?" ನ್ಯಾಯವಾದ ಪ್ರಶ್ನೆಯೇ.

ಅವರಿಗೂ ಆಗುತ್ತದೆ. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಪುರುಷರ ಮೂರು ಮೀಟರ್ ಸ್ಪ್ರಿಂಗ್‌ಬೋರ್ಡ್ ಸ್ಪರ್ಧೆಯ ಅರ್ಹತಾ ಸುತ್ತು. ಅಮೆರಿಕದ ಗ್ರೆಗ್ ಲೂಗಾನಿಸ್ ಆ ಕಾಲದ ಅತಿ ಶ್ರೇಷ್ಠ ಡೈವರ್. ಹಿಮ್ಮುಖವಾಗಿ ಎರಡೂವರೆ ಪಲ್ಟಿ ಹಾಕುವಾಗ ಅವರ ತಲೆಯ ಹಿಂಭಾಗ ಹಲಗೆಗೆ ಬಡಿಯಿತು. ಹೊಲಿಗೆ ಹಾಕಿಸಿಕೊಂಡು ಸ್ವಲ್ಪ ಹೊತ್ತಿನಲ್ಲೇ ಮತ್ತೆ ಹಲಗೆ ಹತ್ತಿದ ಅವರು ಮರುದಿನ ಚಿನ್ನ ಗೆದ್ದರು. ತಮಗೆ ಎಚ್‌ಐವಿ ಸೋಂಕಿದೆ ಎಂದು ಆಗಲೇ ಅವರಿಗೆ ತಿಳಿದಿತ್ತು. ಲೋಕಕ್ಕೆ ಹೇಳಿದ್ದು 1995ರಲ್ಲಿ. ಹೊಲಿಗೆ ಹಾಕಿದ ವೈದ್ಯರು ಕೈಗವಸು ಧರಿಸಿರಲಿಲ್ಲ. ಅವರಿಗೆ ಸೋಂಕು ತಗಲಲಿಲ್ಲ, ಕೊಳಕ್ಕೆ ಇಳಿದ ಉಳಿದವರಿಗೂ ಅಪಾಯವಿರಲಿಲ್ಲ. ಅಷ್ಟು ನೀರಿನಲ್ಲಿ, ಅದೂ ಕ್ಲೋರಿನ್ ಇರುವ ನೀರಿನಲ್ಲಿ, ಆ ವೈರಾಣು ಹೀಗೆ ಹರಡುವುದಿಲ್ಲ. ಆದರೆ ಯಾರ ರಕ್ತ ಮುಟ್ಟುವಾಗಲೂ ಕೈಗವಸು ಬೇಕು ಎಂದು ನಮ್ಮಂಥ ಹಳ್ಳಿ ವೈದ್ಯರು ಕಂಪೌಂಡರಿಗೆ ಹೇಳಿಕೊಡುವಾಗ ಈ ಪ್ರಸಂಗ ಅನುಕೂಲಕ್ಕೆ ಬರುತ್ತದೆ. ಲೂಗಾನಿಸ್ ಅದೃಷ್ಟವಂತರು. 1983ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ನಡೆದ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಸೋವಿಯತ್ ಡೈವರ್ ಸೆರ್ಗೆಯ್ ಚಲಿಬಾಶ್ವಿಲಿಯ ತಲೆ ಹತ್ತು ಮೀಟರ್ ಎತ್ತರದ ಕಟ್ಟೆಗೆ ಬಡಿದು, ಕೆಲವು ದಿನಗಳಲ್ಲಿ ಆತ ತೀರಿಕೊಂಡ.

ಆದರೂ ಗಮನಿಸಿ: ಇಬ್ಬರಿಗೂ ಪೆಟ್ಟಾದದ್ದು ಮೇಲೆ, ಕೊಳದ ತಳದಲ್ಲಲ್ಲ. ಮೂರು ಮೀಟರ್ ಹಲಗೆಯ ಕೆಳಗೆ ಸುಮಾರು ಹನ್ನೆರಡು ಅಡಿ ನೀರಿರಲೇಬೇಕೆಂಬ ನಿಯಮವಿದೆ. ತಳ ಸಮತಟ್ಟು, ನೀರು ತಿಳಿ. ಮೇಲ್ಮೈ ಎಲ್ಲಿದೆ ಎಂದು ಕಣ್ಣಿಗೆ ತಿಳಿಯಲೆಂದು ನೀರನ್ನು ಬೇಕೆಂದೇ ಕದಡುತ್ತಿರುತ್ತಾರೆ. ಡೈವರ್ ತಲೆಯಿಂದ ನೀರು ಮುಟ್ಟುವುದೂ ಇಲ್ಲ. ಚಾಚಿದ ಎರಡೂ ತೋಳು ಕಿವಿಗೆ ಒತ್ತಿಕೊಂಡಿರುತ್ತವೆ, ಅಂಗೈ ಮೊದಲು ನೀರನ್ನು ಸೀಳುತ್ತದೆ. 2019ರ ಸೆಪ್ಟೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲೇ ಏಷ್ಯನ್ ವಯೋವರ್ಗ ಚಾಂಪಿಯನ್‌ಷಿಪ್ ನಡೆದಾಗ ಡೈವಿಂಗ್ ಸ್ಪರ್ಧೆಗಳೂ ಇದ್ದವು. ಅಲ್ಲಿ ಹಾರಿದ ಹುಡುಗರ ಬೆನ್ನಿಗೆ ವರ್ಷಗಳ ತರಬೇತಿ ಇತ್ತು.

ನಮ್ಮ ಬಾವಿಯ ಲೆಕ್ಕ ನೋಡಿ. ಇಪ್ಪತ್ತು ಅಡಿ ಎತ್ತರದಿಂದ ಧುಮುಕಿದರೆ ನೀರು ಮುಟ್ಟುವಾಗ ವೇಗ ಗಂಟೆಗೆ ಸುಮಾರು 39 ಕಿಲೋಮೀಟರ್. ಬೇಸಿಗೆಯಲ್ಲಿ ನೀರು ಇಳಿದಷ್ಟೂ ಧುಮುಕುವ ಎತ್ತರ ಹೆಚ್ಚುತ್ತದೆ, ಆಳ ಕಡಿಮೆಯಾಗುತ್ತದೆ. ಹೋದ ದೀಪಾವಳಿಗೆ ಸುರಕ್ಷಿತವಾಗಿದ್ದ ಜಾಗ ಏಪ್ರಿಲ್‌ನಲ್ಲಿ ಯಮನ ಬಾಯಿ. ಮೇಲಿಂದ ನೋಡಿದರೆ ಹಸಿರು ನೀರು ಒಂದೇ ಥರ ಕಾಣುತ್ತದೆ. ಕೃಷಿ ಹೊಂಡಗಳದ್ದು ಇನ್ನೊಂದು ಕಥೆ: ಬದಿಗಳು ಇಳಿಜಾರು, ದಂಡೆಯಿಂದ ಹಾರಿದವನ ತಲೆ ಇಳಿಜಾರಿಗೇ ಬಡಿಯಬಹುದು. ಮೇಲೆ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಈಸು ಬಂದವನೂ ಹತ್ತಿ ಬರಲಾರ.

ತಲೆ ತಳಕ್ಕೆ ಬಡಿದು ನಿಂತರೂ ಮುಂಡದ ಭಾರ ನಿಲ್ಲುವುದಿಲ್ಲ. ಅಷ್ಟೂ ಭಾರ ಕುತ್ತಿಗೆಯ ಏಳು ಮಣಿಗಳ ಮೇಲೆ ಬೀಳುತ್ತದೆ. ಸಾಮಾನ್ಯವಾಗಿ ಐದನೆಯದು, ಇಲ್ಲವೇ ಅದರ ಆಚೀಚಿನದು ಒಡೆಯುತ್ತದೆ. ಚೂರುಗಳು ಒಳಗಿನ ಬೆನ್ನುಹುರಿಯನ್ನು ಜಜ್ಜುತ್ತವೆ. ಬೆನ್ನುಹುರಿ ಎಂದರೆ ಕಿರುಬೆರಳ ದಪ್ಪದ ಮೆತ್ತನೆಯ ಹುರಿ. ಒಮ್ಮೆ ಜಜ್ಜಿದರೆ ಮೂಳೆ ಕೂಡಿದಂತೆ ಅದು ಕೂಡುವುದಿಲ್ಲ.

ಆ ಹುಡುಗನ ಗೆಳೆಯರು ಮಾಡಿದ್ದೇನು? ನೀರಿನಿಂದ ಕೈ ಹಿಡಿದು ಎಳೆದರು. ನೀರು ಕುಡಿದಿದ್ದಾನೆಂದು ತಲೆಕೆಳಗು ಮಾಡಿ ಹೊಟ್ಟೆ ಒತ್ತಿದರು. ಕೂರಿಸಿ ನೀರು ಕುಡಿಸಿದರು. ಆಮೇಲೆ ಹೊರಸು. ಅವರಿಗೆ ಯಾರೂ ಕಲಿಸಿರಲಿಲ್ಲ. ತಲೆಕೆಳಗಾಗಿ ಧುಮುಕಿದವನು ಕೈಕಾಲು ಆಡಿಸದಿದ್ದರೆ, ಅಥವಾ ಕುತ್ತಿಗೆ ನೋವು, ಜೋಮು ಎಂದರೆ, ಕುತ್ತಿಗೆ ಮುರಿದಿದೆ ಎಂದೇ ತಿಳಿಯಿರಿ. ನೀರಿನಲ್ಲಿಯೇ ಮುಖ ಮೇಲೆ ಮಾಡಿ ತೇಲಿಸಿ ಹಿಡಿಯಿರಿ. ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿರಲಿ. ಗಟ್ಟಿ ಹಲಗೆಯನ್ನು ಕೆಳಗೆ ತೂರಿಸಿ ಮೇಲೆತ್ತಿ, ಬಾಗಿಲ ಹಲಗೆಯೂ ಆದೀತು. ತಲೆಯ ಎರಡೂ ಬದಿಗೆ ಮಡಿಸಿದ ಪಂಚೆ ಒತ್ತಿಟ್ಟು 108ಕ್ಕೆ ಫೋನ್ ಮಾಡಿ. ಕುಡಿಯಲು ಏನೂ ಬೇಡ. ಉಸಿರೇ ಇಲ್ಲದಿದ್ದರೆ ಮಾತ್ರ ಕುತ್ತಿಗೆಗಿಂತ ಉಸಿರು ಮುಖ್ಯ: ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಐದು ಸಲ ಊದಿ, ಬಳಿಕ ಎದೆಯ ನಡುವೆ 30 ಸಲ ಒತ್ತಿ 2 ಸಲ ಊದುವುದನ್ನು ಬಿಡದೆ ಮುಂದುವರಿಸಿ. ಹೊಟ್ಟೆ ಒತ್ತಬಾರದು.

ಇನ್ನು ಹುಡುಗರಿಗೆ ಬಾವಿಯೇ ಬೇಡ ಎಂದರೆ ಕೇಳುವವರಾರು? ನಾನು ಹಾಗೆ ಹೇಳುವುದೂ ಇಲ್ಲ, ಈಸು ಬರಲೇಬೇಕು. ಮೆಟ್ಟಿಲಿಂದ ಇಳಿಯಲಿ, ಆ ದಿನದ ಆಳವನ್ನು ಗಳದಿಂದ ನೋಡಲಿ, ಹಾರಿದರೆ ಕಾಲು ಮೊದಲಾಗಿ ಹಾರಲಿ.

ಹುಡುಗನನ್ನು ನಮ್ಮ ಊರಿನ ಹೆಸರನ್ನೇ ಹೊತ್ತ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸಿದೆವು. ಬದುಕಿದ. ಕಾಲು ಬರಲಿಲ್ಲ. ಮಣಿಕಟ್ಟು ಮೇಲೆತ್ತುವಷ್ಟು ಬಲ ಬಂದಿದೆ, ಅದರಲ್ಲೇ ಅಂಗೈಗೆ ಕಟ್ಟಿದ ಚಮಚೆಯಿಂದ ತಾನೇ ಉಣ್ಣುತ್ತಾನೆ. ಸಂಜೆ ಓಣಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾನೆ. ಇಂಥ ರೋಗಿಗಳನ್ನು ಕಾಡುವುದು ಹಾಸಿಗೆ ಹುಣ್ಣು. ಅವನ ತಾಯಿ ಗಡಿಯಾರ ಪಕ್ಕದಲ್ಲಿಟ್ಟುಕೊಂಡು, ರಾತ್ರಿಯೂ ಎರಡು ತಾಸಿಗೊಮ್ಮೆ ಎದ್ದು ಅವನ ಮಗ್ಗುಲು ಬದಲಿಸುತ್ತಾರೆ. ಕಳೆದ ವಾರ ಹೋಗಿ ನೋಡಿದೆ, ಬೆನ್ನಿನ ಮೇಲೆ ಒಂದು ಹುಣ್ಣೂ ಇಲ್ಲ.