ಮೆಂತಿ ಹೊಲಿಗೆ ಮತ್ತು ನಮ್ಮ ಪಡಸಾಲೆಯ ಗೋಡೆ

ಈ ಸಲದ ಗೋಡೆ ಪತ್ರಿಕೆಗೆ "ನನ್ನ ಹವ್ಯಾಸ" ಎಂಬ ವಿಷಯ ಕೊಟ್ಟಾಗ ನಮ್ಮ ವರ್ಗದ ಹನ್ನೊಂದು ಹುಡುಗರು ಕ್ರಿಕೆಟ್ ಎಂದು ಬರೆದು ಕೊಟ್ಟರು. ಬರೋಬ್ಬರಿ ಒಂದು ಟೀಮ್ ಆಯಿತು. ನಾನು ಕ್ರಾಸ್ ಸ್ಟಿಚ್ ಬಗ್ಗೆ ಬರೆಯುತ್ತೇನೆ. ಇದನ್ನು ಓದಿ ಹುಡುಗರು ನಕ್ಕರೂ ಅಡ್ಡಿಯಿಲ್ಲ, ಪೂರ್ತಿ ಓದಿ ನಗಬೇಕು.

ಕ್ರಾಸ್ ಸ್ಟಿಚ್ ಅಂದರೆ ಬಟ್ಟೆಯ ಮೇಲೆ ದಾರದಿಂದ ಗುಣಾಕಾರದ ಚಿಹ್ನೆ ಹಾಕುವುದು. ಒಂದು ಎಳೆ ಹೀಗೆ, ಅದರ ಮೇಲೆ ಇನ್ನೊಂದು ಎಳೆ ಹಾಗೆ. ಅಷ್ಟೇ. ಇಂಥ ಸಾವಿರಾರು ಗುಣಾಕಾರ ಚಿಹ್ನೆ ಕೂಡಿದರೆ ಗಿಳಿ ಆಗುತ್ತದೆ, ಗುಲಾಬಿ ಆಗುತ್ತದೆ, "ಸುಸ್ವಾಗತ" ಆಗುತ್ತದೆ. ಅಂಗಡಿಯಲ್ಲಿ ಇದಕ್ಕೆ ಇಂಗ್ಲೀಷ್ ಹೆಸರು ಇದ್ದರೂ ಇದು ನಮ್ಮ ಅಜ್ಜಿಗೆ ಹೊಸದಲ್ಲ. "ಇದು ಮೆಂತಿ ಅಲ್ಲೇನ? ನಮ್ಮ ಕಸೂತ್ಯಾಗಿನ ಮೆಂತಿ" ಎಂದು ಆಕೆ ಅಂದಳು. ಸಾಲಾಗಿ ಹಾಕಿದಾಗ ಮೆಂತ್ಯದ ಕಾಳು ಒತ್ತಿ ಇಟ್ಟ ಹಾಗೆ ಕಾಣುತ್ತದೆ, ಅದಕ್ಕೇ ಆ ಹೆಸರು.

ಕಸೂತಿಯಲ್ಲಿ ನಾಲ್ಕು ಹೊಲಿಗೆ ಇವೆ: ಗವಂತಿ, ಮುರಗಿ, ನೇಯ್ಗಿ, ಮೆಂತಿ. ಗವಂತಿಯಲ್ಲಿ ಸೂಜಿ ಒಂದು ಮನೆ ಬಿಟ್ಟು ಒಂದು ಮನೆ ಹಾಕುತ್ತಾ ಹೋಗುತ್ತದೆ, ತಿರುಗಿ ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತಾ ಬರುತ್ತದೆ. ಹಾಗಾಗಿ ಬಟ್ಟೆಯ ಮುಂದೆಯೂ ಹಿಂದೆಯೂ ಒಂದೇ ಚಿತ್ರ. ಮುರಗಿ ಕೂಡ ಹೀಗೇ, ಆದರೆ ಮೆಟ್ಟಿಲು ಹತ್ತಿದ ಹಾಗೆ ಸೊಟ್ಟಸೊಟ್ಟ ಹೋಗುತ್ತದೆ. ನೇಯ್ಗಿ ನೋಡಿದರೆ ಮಗ್ಗದಲ್ಲೇ ನೇಯ್ದ ಹಾಗೆ ಕಾಣುತ್ತದೆ. ಮೆಂತಿ ಮಾತ್ರ ದಪ್ಪ, ದಾರ ಬಹಳ ತಿನ್ನುತ್ತದೆ, ಹಿಂದಿನ ಬದಿ ಮುಂದಿನ ಹಾಗೆ ಇರುವುದಿಲ್ಲ. ಯುರೋಪಿನಲ್ಲಿ ಗವಂತಿಯಂಥ ಹೊಲಿಗೆಗೆ ಹೋಲ್ಬೀನ್ ಹೊಲಿಗೆ ಎನ್ನುತ್ತಾರಂತೆ. ಹೋಲ್ಬೀನ್ ಹೊಲಿಗೆ ಮಾಡುವವನಲ್ಲ, 1543ರಲ್ಲಿ ತೀರಿಕೊಂಡ ಚಿತ್ರಕಾರ. ಅವನು ಬರೆದ ದೊಡ್ಡವರ ಚಿತ್ರಗಳಲ್ಲಿ ಅಂಗಿಯ ಕೊರಳಪಟ್ಟಿ, ತೋಳಿನ ತುದಿಗೆ ಈ ಹೊಲಿಗೆ ಕಾಣುತ್ತದೆ ಎಂದು ಅವನ ಹೆಸರು ಬಂತು. ಹೊಲಿದ ಹೆಣ್ಣುಮಕ್ಕಳ ಹೆಸರು ಬರಲಿಲ್ಲ, ಚಿತ್ರ ಬರೆದವನ ಹೆಸರು ಬಂತು! ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಕಸೂತಿ ಎಂದರೆ ಎಲ್ಲರೂ ಧಾರವಾಡ ಎನ್ನುತ್ತಾರೆ. ಅದಕ್ಕೆ ಭೌಗೋಳಿಕ ಗುರುತಿನ ಸರಕಾರಿ ಮುದ್ರೆಯೂ ಸಿಕ್ಕಿದೆ. ಆದರೆ ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ಈ ನಾಲ್ಕೂ ತಾಲೂಕು 1997ರಲ್ಲಿ ಹಾವೇರಿ ಜಿಲ್ಲೆ ಆಗುವ ತನಕ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಅಂದಮೇಲೆ ಅದರಲ್ಲಿ ನಮ್ಮ ಪಾಲೂ ಇದೆ ಎಂದು ನನ್ನ ಅಭಿಪ್ರಾಯ. ನಮ್ಮ ಅಜ್ಜಿಯ ತವರುಮನೆ ಸವಣೂರ ತಾಲೂಕು. ಆಕೆ ಬರುವಾಗ ತಂದ ಇಳಕಲ್ ಸೀರೆಯ ಸೆರಗಿನ ಹತ್ತಿರ ಗೋಪುರ, ತೇರು, ಆನೆ, ತುಳಸಿಕಟ್ಟೆ ಇವೆ. ಪೆನ್ಸಿಲ್ಲಿನಿಂದ ಬರೆದುಕೊಂಡು ಹಾಕಿದ್ದಲ್ಲ. ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕಿದ್ದು. ದಾರಕ್ಕೆ ಎಲ್ಲಿಯೂ ಗಂಟು ಹಾಕಿಲ್ಲ.

ನಮ್ಮ ವರ್ಗದ ಒಬ್ಬ ಗೆಳತಿ ಶಿಗ್ಗಾಂವ ಕಡೆಯ ತಾಂಡಾದವಳು. ಅವಳ ಅಜ್ಜಿಯ ಫೇಟಿಯಾ ಮತ್ತು ಕಾಂಚಳಿಯ ಮೇಲೆ ಕನ್ನಡಿ, ಕವಡೆ, ಬಣ್ಣದ ದಾರ ಎಲ್ಲಾ ಕೂಡಿ ಹಾಕಿದ ಕೆಲಸ ನೋಡಿದರೆ ಕಣ್ಣು ಕುಕ್ಕುತ್ತದೆ. ಅದರ ಬಗ್ಗೆ ಅವಳೇ ಬರೆಯಲಿ. ನಾನು ಬರೆದರೆ ಅರ್ಧಂಬರ್ಧ ಆಗುತ್ತದೆ.

ಈಗ ಹಾಕುವುದು ಹೇಗೆ ಎಂದು ಹೇಳುತ್ತೇನೆ. ನಾನು ಹೋದ ವರ್ಷ ಬೇಸಿಗೆ ರಜೆಯಲ್ಲಿ ಕಲಿತೆ. ಮ್ಯಾಟಿ ಬಟ್ಟೆ ಎಂದು ಹಾನಗಲ್ಲ ಪ್ಯಾಟಿಯಲ್ಲಿ ಸಿಗುತ್ತದೆ. ಅದರಲ್ಲಿ ಚೌಕುಳಿ ಚೌಕುಳಿಯಾಗಿ ತೂತು ಇರುತ್ತವೆ. ಒಂದು ಇಂಚಿನಲ್ಲಿ 11 ಚೌಕ ಇರುವುದೂ ಇದೆ, 14 ಇರುವುದೂ ಇದೆ, 18 ಇರುವುದೂ ಇದೆ. ಕೊಳ್ಳುವ ಮೊದಲು ಪಟ್ಟಿ ಇಟ್ಟು ಎಣಿಸಬೇಕು. ಯಾಕೆಂದರೆ ಚಿತ್ರ ಎಷ್ಟು ದೊಡ್ಡದಾಗುತ್ತದೆ ಎಂಬುದು ಅದರ ಮೇಲೆಯೇ ನಿಂತಿದೆ. ನನ್ನ ಜೋಡಿ ಗಿಳಿಯ ಚಿತ್ರ ಅಡ್ಡ 98 ಚೌಕ, ಉದ್ದ 70 ಚೌಕ. ಬಟ್ಟೆ 14ರದು. 98ನ್ನು 14ರಿಂದ ಭಾಗಿಸಿದರೆ 7 ಇಂಚು, 70ನ್ನು ಭಾಗಿಸಿದರೆ 5 ಇಂಚು. ಸುತ್ತಲೂ ಎರಡೆರಡು ಇಂಚು ಫ್ರೇಮಿಗೆ ಬಿಡಬೇಕು, ಅಂದರೆ 11 ಇಂಚು ಅಗಲ 9 ಇಂಚು ಎತ್ತರದ ಬಟ್ಟೆ. ಭಾಗಾಕಾರ ಬರದವರು ಗಿಳಿಗೆ ಬಾಲ ಇಲ್ಲದೆ ಬಿಡಬೇಕಾಗುತ್ತದೆ.

ಆ್ಯಂಕರ್ ದಾರದ ಒಂದು ಲಡಿ 8 ಮೀಟರ್ ಇರುತ್ತದೆ. ಅದರಲ್ಲಿ 6 ಎಳೆ ಕೂಡಿರುತ್ತವೆ. 14ರ ಬಟ್ಟೆಗೆ ಎರಡೇ ಎಳೆ ಸಾಕು. ಹಾಗಾದರೆ ಒಂದು ಲಡಿಯಿಂದ 24 ಮೀಟರ್ ಹೊಲಿಯಬಹುದು. ಇದು ಗೊತ್ತಿಲ್ಲದೆ ನಾನು ಮೊದಲು ಆರೂ ಎಳೆ ಪೋಣಿಸಿ ಹಾಕಿದೆ. ಗುಲಾಬಿ ಹೂ ಕೋಸುಗಡ್ಡೆಯ ಹಾಗೆ ಉಬ್ಬಿ ಕುಂತಿತು. ಎಳೆ ಬಿಡಿಸುವಾಗ ಒಂದೊಂದನ್ನೇ ಮೇಲಕ್ಕೆ ಎಳೆಯಬೇಕು, ಎರಡನ್ನೂ ಕೂಡಿ ಎಳೆದರೆ ಸಿಕ್ಕು ಬೀಳುತ್ತದೆ. ಸೂಜಿ ಮೊಂಡ ಮೊನೆಯದು ಇರಬೇಕು. ಮೊನಚು ಸೂಜಿ ತೂತಿನಲ್ಲಿ ಹೋಗದೆ ಎಳೆಯನ್ನೇ ಸೀಳುತ್ತದೆ.

ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನಟ್ಟನಡುವೆ ಗುರುತು ಮಾಡಿ ಅಲ್ಲಿಂದಲೇ ಶುರು ಮಾಡಬೇಕು. ನಾನು ಅವಸರ ಮಾಡಿ ಮೂಲೆಯಿಂದ ಶುರು ಮಾಡಿದೆ. ಎಡಗಡೆಯ ಗಿಳಿ ಮುಗಿದು ಬಲಗಡೆಯದು ಕುತ್ತಿಗೆ ತನಕ ಬಂದಾಗ ನೋಡಿದರೆ ಅದರ ಕೊಕ್ಕು ಒಂದು ಮನೆ ಮೇಲೆ ಹೋಗಿತ್ತು. ಒಂದೇ ಮನೆ. ದೂರದಿಂದ ಯಾರಿಗೂ ಕಾಣುವುದಿಲ್ಲ ಎಂದು ಅವ್ವ ಅಂದಳು. ನನಗೆ ಮಾತ್ರ ಅದೇ ಕಾಣುತ್ತಿತ್ತು. ಎರಡು ದಿನ ಸಂಜೆ ಕುಂತು ಬಿಚ್ಚಿದೆ. ಬಿಚ್ಚುವಾಗ ಹಾಕಿದ್ದಕ್ಕಿಂತ ಹೆಚ್ಚು ಕಲಿತೆ, ಯಾಕೆಂದರೆ ನನ್ನ ಹೊಲಿಗೆಯ ಹಿಂಬದಿ ಎಷ್ಟು ಗೊಜ್ಜಲು ಗೊಜ್ಜಲು ಇದೆ ಎಂದು ಆಗ ತಿಳಿಯಿತು.

ಇನ್ನೊಂದು ಮುಖ್ಯ ಮಾತು. ಮೇಲಿನ ಎಳೆ ಎಲ್ಲಾ ಒಂದೇ ಕಡೆ ವಾಲಿರಬೇಕು. ಮೊದಲು ಸಾಲಿನ ತುದಿ ತನಕ ಅರ್ಧ ಹೊಲಿಗೆ ಹಾಕುತ್ತಾ ಹೋಗಿ, ತಿರುಗಿ ಬರುವಾಗ ಉಳಿದ ಅರ್ಧ ಹಾಕಿದರೆ ತಪ್ಪುವುದಿಲ್ಲ. ಒಂದು ಆ ಕಡೆ ಒಂದು ಈ ಕಡೆ ವಾಲಿದರೆ ಬೆಳಕು ಬೀಳುವುದೇ ಬೇರೆ ಆಗಿ ಬಣ್ಣ ಪಟ್ಟಾಪಟ್ಟಿ ಕಾಣುತ್ತದೆ.

ಹಾನಗಲ್ಲಿನ ತಾರಕೇಶ್ವರ ಗುಡಿಯ ಒಳಗೆ ತಲೆ ಎತ್ತಿ ನೋಡಿದರೆ ಕಲ್ಲಿನ ದೊಡ್ಡ ಕಮಲ ಇದೆಯಲ್ಲ, ಅದನ್ನು ಚೌಕುಳಿ ಹಾಳೆಯ ಮೇಲೆ ಇಳಿಸಬೇಕೆಂದು ಮಾಡಿದೆ. ಆಗಲಿಲ್ಲ. ಚೌಕದಲ್ಲಿ ದುಂಡಗಿನ ಎಸಳು ಬರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗುತ್ತದೆ. ಕಸೂತಿಯಲ್ಲಿ ಗೋಪುರ, ತೇರು, ಪಲ್ಲಕ್ಕಿ ಯಾಕೆ ಅಷ್ಟು ಚೆಂದ ಕುಂತಿವೆ ಎಂದು ಆಗ ನನಗೆ ಅರ್ಥ ಆಯಿತು. ಅವೆಲ್ಲ ಮೊದಲೇ ಮೆಟ್ಟಿಲು ಮೆಟ್ಟಿಲಾಗಿಯೇ ಇರುವಂಥವು. ಸವಣೂರಿನ ದೊಡ್ಡಹುಣಸೆ ಮರಗಳು ಮಾತ್ರ ಹಾಕಲು ಬರುತ್ತವೆ ಅನಿಸುತ್ತದೆ, ಬೊಡ್ಡೆಯೇ ಅಷ್ಟು ದಪ್ಪ ಇದೆ. ಅದನ್ನು ಯಾರೂ ಹಾಕಿದ್ದು ನಾನು ನೋಡಿಲ್ಲ.

ಗಿಳಿ ಮುಗಿದ ಮೇಲೆ ಫ್ರೇಮ್ ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದೆವು. ಇನ್ನು ಮುಂದಿನದನ್ನು ಅಕ್ಕನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ಹೋದ ಮಾಗಿಯಲ್ಲಿ ಹಿರೇಕೆರೂರ ಕಡೆಯಿಂದ ಅಕ್ಕನನ್ನು ನೋಡಲು ಬಂದಿದ್ದರು. ಅಕ್ಕ ಬಿ.ಕಾಂ. ಮುಗಿಸಿದ್ದಾಳೆ. ಶಿರಾ, ಉಪ್ಪಿಟ್ಟು, ಚಹಾ ಎಲ್ಲಾ ಆಯಿತು. ಬಂದವರಲ್ಲಿ ಒಬ್ಬ ವಯಸ್ಸಾದ ಅಮ್ಮ ಗೋಡೆ ನೋಡಿ, "ಗಿಣಿ ಛಲೋ ಅದಾವ. ಯಾರ ಹಾಕಿದ್ದು?" ಎಂದು ಕೇಳಿದರು. ಅವ್ವ, "ನಮ್ಮ ದೊಡ್ಡಾಕಿ ಹಾಕಿದ್ದು ನೋಡ್ರಿ" ಅಂದುಬಿಟ್ಟಳು. ನಾನು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದೆ. ಎದಿ ಧಸಕ್ ಅಂತು. ಸುಮ್ಮನೇ ಇದ್ದೆ. ಆ ಅಮ್ಮ ಅಷ್ಟಕ್ಕೇ ಬಿಡಲಿಲ್ಲ. ಫ್ರೇಮ್ ತೆಗೆಸಿ ತಿರುವಿ ನೋಡಿದರು. ಕಸೂತಿ ಬಲ್ಲವರು ಮೊದಲು ಹಿಂಬದಿ ನೋಡುತ್ತಾರೆ, ಕೈ ಎಂಥದ್ದು ಎಂದು ಅಲ್ಲಿ ತಿಳಿಯುತ್ತದೆ. ಆದರೆ ಹಿಂದೆ ರಟ್ಟು ಬಡಿದಿತ್ತು. ಅದಕ್ಕೆ ಅವರು ಅಕ್ಕನನ್ನು, "ಎಷ್ಟ ಎಳಿ ಹಿಡದಿಯವಾ?" ಎಂದು ಕೇಳಿದರು. ಅಕ್ಕ ತಲೆ ತಗ್ಗಿಸಿದಳು. ಆಕೆಗೆ ಗೊತ್ತಿಲ್ಲ. ಅಷ್ಟರಲ್ಲಿ ನನ್ನ ಬಾಯಿಂದ, "ಎರಡೆಳಿ!" ಎಂದು ಬಂದೇಬಿಟ್ಟಿತು.

ಎಲ್ಲರೂ ನನ್ನ ಕಡೆ ನೋಡಿದರು. ಅವ್ವನ ಮುಖ ನಾನು ನೋಡಲಿಲ್ಲ. ಅಕ್ಕ ಮೆಲ್ಲಗೆ, "ಅದು ನನ್ನ ತಂಗಿ ಹಾಕಿದ್ದರಿ" ಅಂದಳು.

ಆ ಸಂಬಂಧ ಆಗಲಿಲ್ಲ. ಅದಕ್ಕೆ ಕಾರಣ ಬೇರೆ ಎಂದು ಅಪ್ಪ ಹೇಳುತ್ತಾನೆ. ಅವ್ವ ಎರಡು ದಿನ ನನ್ನ ಜೋಡಿ ಮಾತಾಡಲಿಲ್ಲ. ನಾನು ರಾತ್ರಿ ಹಾಸಿಗೆಯಲ್ಲಿ ಅತ್ತೆ. ಹೇಳಿದ್ದು ಖರೇ, ಆದರೆ ಹೇಳಬಾರದಿತ್ತೇನೋ ಎಂದು ಈಗಲೂ ಒಮ್ಮೊಮ್ಮೆ ಅನಿಸುತ್ತದೆ. ಅಕ್ಕ ಮಾತ್ರ ಬೈಯಲಿಲ್ಲ. "ಮೂಲಿಯೊಳಗ ನಿನ್ನ ಹೆಸರು ಹಾಕಿದ್ದರ ಅವ್ವಗ ಸುಳ್ಳು ಹೇಳಾಕ ಬರತಿದ್ದಿಲ್ಲ" ಎಂದು ನಕ್ಕಳು.

ಇದನ್ನು ನಮ್ಮ ಅಕ್ಕೋರಿಗೆ ಹೇಳಿದಾಗ ಅವರು ಒಂದು ಸಂಗತಿ ಓದಿ ತಿಳಿಸಿದರು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಒಂದು ಕಸೂತಿ ಬಟ್ಟೆ ಇದೆ. ಜೇನ್ ಬೊಸ್ಟಾಕ್ ಎಂಬ ಹೆಣ್ಣುಮಗಳು ಅದರ ಮೇಲೆ ಅಕ್ಷರಮಾಲೆ ಹಾಕಿ, ತನ್ನ ಹೆಸರು ಹಾಕಿ, 1598 ಎಂದು ಇಸವಿಯನ್ನೂ ಹೊಲಿದಿದ್ದಾಳೆ. ಆಲಿಸ್ ಲೀ ಎಂಬ ಕೂಸು 1596ರಲ್ಲಿ ಹುಟ್ಟಿದ ನೆನಪಿಗೆ ಹಾಕಿದ್ದಂತೆ. ಇಸವಿ ಹಾಕಿದ ಬ್ರಿಟಿಷ್ ಮಾದರಿ ಬಟ್ಟೆಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ಹೆಸರು ಹೊಲಿದಿದ್ದರಿಂದಲೇ 400 ವರ್ಷ ಆದ ಮೇಲೂ ಆಕೆ ಹಾಕಿದ್ದೆಂದು ನಮ್ಮ ಶಾಲೆಗೂ ಗೊತ್ತಾಯಿತು. ಈಗ ನಾನು ಯಾವುದೇ ಚಿತ್ರ ಹಾಕಿದರೂ ಬಲಗಡೆ ಮೂಲೆಯಲ್ಲಿ ಒಂದೇ ಎಳೆ ಹಿಡಿದು ಹೆಸರಿನ ಮೊದಲ ಅಕ್ಷರ ಮತ್ತು ಇಸವಿ ಹಾಕುತ್ತೇನೆ.

ಗೋಡೆಗೆ ಹಾಕುವ ಬಗ್ಗೆ ಹೇಳುವುದು ಉಳಿಯಿತು. ಬಹಳ ಮಂದಿ ಇಲ್ಲೇ ಕೆಡಿಸಿಕೊಳ್ಳುತ್ತಾರೆ. ಮುಗಿದ ಬಟ್ಟೆಯನ್ನು ತಣ್ಣೀರಲ್ಲಿ ಸ್ವಲ್ಪ ಸೋಪು ಹಾಕಿ ಮೆತ್ತಗೆ ತೊಳೆಯಬೇಕು, ಕೈಯ ಎಣ್ಣೆ ಬೆವರು ಹೋಗಬೇಕು. ಅದಕ್ಕಿಂತ ಮೊದಲು ಕೆಂಪು ದಾರದ ಮೇಲೆ ಹಸಿ ಬಿಳಿ ಅರಿವೆ ಒತ್ತಿ ಬಣ್ಣ ಬಿಡುತ್ತದೋ ಎಂದು ನೋಡಬೇಕು. ಬಿಟ್ಟರೆ ತೊಳೆಯಬಾರದು. ಇಸ್ತ್ರಿ ಮಾಡುವಾಗ ಟಾವೆಲ್ ಹಾಸಿ, ಚಿತ್ರ ಕೆಳಗೆ ಮಾಡಿ, ಹಿಂದಿನಿಂದ ಮಾಡಬೇಕು. ಇಲ್ಲದಿದ್ದರೆ ಹೊಲಿಗೆ ಚಪ್ಪಟೆ ಆಗುತ್ತದೆ.

ಫ್ರೇಮ್ ಅಂಗಡಿಯಲ್ಲಿ ನನ್ನ ಮೊದಲನೆಯ ಗುಲಾಬಿಯನ್ನು ರಟ್ಟಿಗೆ ಗೋಂದು ಹಚ್ಚಿ ಅಂಟಿಸಿಬಿಟ್ಟರು. ಆರು ತಿಂಗಳಲ್ಲಿ ಹಳದಿ ಕಲೆ ಎದ್ದವು. ಈಗ ನಾನೇ ಬಟ್ಟೆಯನ್ನು ರಟ್ಟಿನ ಮೇಲೆ ಬಿಗಿದು, ಹಿಂದೆ ಗಟ್ಟಿ ದಾರದಿಂದ ಈ ಅಂಚಿಗೂ ಆ ಅಂಚಿಗೂ ಹೊರಸು ಹೆಣೆದ ಹಾಗೆ ಎಳೆದು ಕಟ್ಟಿ ಕೊಡುತ್ತೇನೆ. ಬೇಕೆಂದಾಗ ಬಿಚ್ಚಬಹುದು. ಗಾಜು ಬಟ್ಟೆಗೆ ತಾಗಬಾರದು, ನಡುವೆ ಸಣ್ಣ ರಟ್ಟಿನ ಪಟ್ಟಿ ಇರಬೇಕು. ನಮ್ಮ ಹಾನಗಲ್ಲ ಕಡೆ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಗಾಜಿಗೆ ಅಂಟಿದ ಬಟ್ಟೆ ಬೂಷ್ಟು ಹಿಡಿಯುತ್ತದೆ. ಒಲೆಯ ಹೊಗೆ ಬರುವ ಗೋಡೆ ಬೇಡ. ಮಧ್ಯಾಹ್ನದ ಬಿಸಿಲು ನೇರ ಬೀಳುವ ಗೋಡೆಯೂ ಬೇಡ, ಮೊದಲು ಗುಲಾಬಿ ಬಣ್ಣ ಹೋಗುತ್ತದೆ. ಪಡಸಾಲೆಯ ಒಳಗೋಡೆ ಎಲ್ಲಕ್ಕಿಂತ ಪಾಡು. ಮತ್ತೆ ಒಂದು ಗೋಡೆಗೆ ಎರಡೋ ಮೂರೋ ಸಾಕು. ಕ್ಯಾಲೆಂಡರ್, ದೇವರ ಫೋಟೋ, ಅಜ್ಜನ ಫೋಟೋ ನಡುವೆ ಏಳು ಫ್ರೇಮ್ ತುರುಕಿದರೆ ಯಾವುದನ್ನೂ ಯಾರೂ ನೋಡುವುದಿಲ್ಲ. ಟಿ.ವಿ. ಮೇಲೆ ಹೊದಿಸುವ ಬಟ್ಟೆಗೆ ಕ್ರಾಸ್ ಸ್ಟಿಚ್ ಹಾಕುವುದು ನನಗೆ ಸೇರುವುದಿಲ್ಲ. ಆದರೆ ಅವ್ವಗೆ ಸೇರುತ್ತದೆ, ಅದಕ್ಕೇ ಒಂದು ಹಾಕಿ ಕೊಟ್ಟಿದ್ದೇನೆ. ಅದರ ಮೂಲೆಯಲ್ಲಿಯೂ ಹೆಸರು ಇದೆ. ಅವ್ವ ಅದನ್ನು ನೋಡಿದಳು, ಏನೂ ಅನ್ನಲಿಲ್ಲ.

ಈಗ ಅಜ್ಜಿಯ ಹತ್ತಿರ ಗವಂತಿ ಕಲಿಯುತ್ತಿದ್ದೇನೆ. ಪೆಟ್ಟಿಗೆಯಲ್ಲಿ ನಮ್ಮ ಅಪ್ಪ ಕೂಸಿದ್ದಾಗ ತೊಡಿಸಿದ ಕುಂಚಿಗೆ ಇದೆ. ಅದರ ಅಂಚಿಗೆ ಸಣ್ಣ ಸಣ್ಣ ತೇರಿನ ಸಾಲು. ಬಟ್ಟೆ ಅಲ್ಲಲ್ಲಿ ಪಿಸಿದಿದೆ. ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ, ಎಳೆ ಕಾಣುವುದಿಲ್ಲ. ಆ ತೇರಿನ ಲೆಕ್ಕ ಯಾವ ಪುಸ್ತಕದಲ್ಲಿಯೂ ಬರೆದಿಲ್ಲ, ಆಕೆಯ ಬೆರಳಿನಲ್ಲಿ ಇದೆ. ಆಕೆ ಬಟ್ಟೆ ಮೇಲೆ ಬೆರಳಾಡಿಸಿ, "ಮೂರು ಮ್ಯಾಲ, ಒಂದು ಅಡ್ಡ, ಮತ್ತ ಮೂರು ಮ್ಯಾಲ" ಎಂದು ಹೇಳುತ್ತಾಳೆ, ನಾನು ಗಣಿತದ ಚೌಕುಳಿ ಹಾಳೆಯಲ್ಲಿ ಗೆರೆ ಎಳೆಯುತ್ತೇನೆ. ಗಾಲಿ ಮತ್ತು ನಡುವಿನ ಗೂಡು ಆಗಿವೆ. ಕಳಸ ಉಳಿದಿದೆ. ಅಲ್ಲಿಯ ದಾರ ಉದುರಿ ಹೋಗಿ ತೂತು ಮಾತ್ರ ಉಳಿದಿದ್ದರಿಂದ ಅಜ್ಜಿ ಒಂದು ದಿನ ಐದು ಎನ್ನುತ್ತಾಳೆ, ಇನ್ನೊಂದು ದಿನ ಏಳು ಎನ್ನುತ್ತಾಳೆ. ನಿಮ್ಮ ಮನೆಯಲ್ಲಿ ಹಳೆಯ ಕುಂಚಿಗೆ ಅಥವಾ ಸೀರೆಯ ಮೇಲೆ ತೇರು ಇದ್ದರೆ ಅದರ ಕಳಸದ ಮನೆ ಎಣಿಸಿ ನನಗೆ ಹೇಳಿರಿ.

ಆದಷ್ಟು ತೇರಿನ ಹಾಳೆಯನ್ನು ಈ ಲೇಖನದ ಪಕ್ಕದಲ್ಲಿ ಅಂಟಿಸಿದ್ದೇನೆ. ಬೇಕಾದವರು ಇಳಿಸಿಕೊಳ್ಳಬಹುದು, ಹಾಳೆ ಕಿತ್ತುಕೊಂಡು ಹೋಗಬಾರದು. ದಾರದಲ್ಲಿ ಕಟ್ಟಿದ ಪೆನ್ಸಿಲ್ಲೂ ಅಲ್ಲೇ ಇರಲಿ.