ಸಹ್ಯಾದ್ರಿಯ ಎರಡು ರೈಲುದಾರಿಗಳು

ರೈಲುಪ್ರಯಾಣವೆಂದರೆ ರಾತ್ರಿ ಮಲಗಿ ಬೆಳಿಗ್ಗೆ ಇಳಿಯುವುದೆಂಬ ಭಾವನೆ ತಿರುವನಂತಪುರದ ನಮ್ಮ ಕನ್ನಡ ಕುಟುಂಬಗಳಲ್ಲಿ ಬೇರೂರಿದೆ. ಊರು ತಲುಪುವ ಆತುರದಲ್ಲಿ ದಾರಿಯ ಸೊಬಗು ಕಣ್ತಪ್ಪಿಹೋಗುತ್ತದೆ.

ನಮ್ಮ ನಾಡಿನ ಸಕಲೇಶಪುರ–ಸುಬ್ರಹ್ಮಣ್ಯ ಮಾರ್ಗವನ್ನೇ ನೋಡಿ. 1979ರಲ್ಲಿ ಸಂಚಾರಕ್ಕೆ ತೆರೆದ ಈ ಹಾದಿ ಐವತ್ತು ಅಡಿಗೆ ಒಂದಡಿಯಂತೆ ಘಟ್ಟವನ್ನೇರುತ್ತದೆ. 57 ಸುರಂಗಗಳು, ನೂರಕ್ಕೂ ಮಿಕ್ಕ ಸೇತುವೆಗಳು. ಕತ್ತಲೆಯಿಂದ ಹೊರಬಂದೊಡನೆ ಎಡಕುಮೇರಿಯ ಹಸಿರು ಕಣಿವೆ. ಮಳೆಗಾಲದಲ್ಲಿ ಹಳಿಯ ಮಗ್ಗುಲಲ್ಲೇ ಧುಮುಕುವ ಝರಿಗಳು.

ಅಷ್ಟು ದೂರ ಹೋಗಲು ರಜೆ ದೊರೆಯದವರಿಗೆ ಕೊಲ್ಲಂ–ಪುನಲೂರು–ಸೆಂಗೋಟೆ ಮಾರ್ಗ ಸಮೀಪದಲ್ಲಿದೆ. ಕೊಲ್ಲಂನಲ್ಲಿ ಬಂಡಿ ಬದಲಿಸಿದರಾಯಿತು. 1904ರಲ್ಲಿ ಆರಂಭವಾದ ಈ ಮೀಟರ್‌ಗೇಜ್ ಹಾದಿಯ ಬ್ರಾಡ್‌ಗೇಜ್ ಪರಿವರ್ತನೆ 2018ರಲ್ಲಿ ಮುಗಿಯಿತು. ತೆನ್ಮಲೆಯ ಬಳಿ 13 ಕಮಾನುಗಳ ಕಲ್ಲಿನ ಸೇತುವೆಯಿದೆ. ಆರ್ಯಂಕಾವಿನ ಸುರಂಗ ದಾಟಿದರೆ ಕಾಡು ತೆಳುವಾಗಿ ತಮಿಳುನಾಡಿನ ಬಯಲು ತೆರೆದುಕೊಳ್ಳುತ್ತದೆ.

ಸಕಲೇಶಪುರದ ಕಡೆಯವರಾದ ನನ್ನ ತಾಯಿಯವರು ಪಟ್ಟಂನಲ್ಲಿ ನಮ್ಮೊಡನಿದ್ದಾಗ, ತಿಂಗಳುಗಟ್ಟಲೆ "ಊರಿಗೆ ಕಳಿಸಿಬಿಡು" ಎನ್ನುತ್ತಿದ್ದರು. ಊಟವೂ ಕಡಿಮೆಯಾಗಿತ್ತು. ಒಂದು ಭಾನುವಾರ ಅವರನ್ನು ಈ ದಾರಿಯಲ್ಲಿ ಕರೆದೊಯ್ದೆ. ತೆನ್ಮಲೆ ದಾಟುವಾಗ ಕಿಟಕಿಯಿಂದ ಕಣ್ಣು ತೆಗೆಯದೆ, "ಇದೂ ನಮ್ಮ ಘಟ್ಟವೇ ಅಲ್ವೇನೋ" ಎಂದರು. ಅವರ ಮಾತು ನಿಜ. ಎರಡೂ ಒಂದೇ ಸಹ್ಯಾದ್ರಿಯ ಸಾಲು. ಅಂದು ಬುತ್ತಿಯ ಚಿತ್ರಾನ್ನವನ್ನು ಎರಡು ಬಾರಿ ಹಾಕಿಸಿಕೊಂಡರು.

ಪರಊರಿನಲ್ಲಿ ಮನೆಯೊಳಗೇ ಕಾಲ ಕಳೆಯುವ ಹಿರಿಯರನ್ನು ಹಗಲಿನ ಬಂಡಿಯಲ್ಲಿ ಕಿಟಕಿಯ ಪಕ್ಕ ಕೂರಿಸಿರಿ. ಕುದಿಸಿ ಆರಿಸಿದ ನೀರು, ನಿತ್ಯದ ಔಷಧಿ ಜೊತೆಗಿರಲಿ. ಮಕ್ಕಳು ಬಾಗಿಲಲ್ಲಿ ನಿಲ್ಲದಂತೆ ಎಚ್ಚರವಿರಲಿ. ಮುಂದಿನ ರಜೆಯ ಒಂದು ಹಗಲನ್ನು ಇದಕ್ಕಾಗಿ ಮೀಸಲಿಡಬಹುದಲ್ಲವೇ?