ಮೆಚ್ಚಿದ ಹೊತ್ತಗೆ, ಮೆಚ್ಚಿದ ಹಾಡು

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಉಡುವುದು ತೊಡುವುದು ಇನ್ನೊಬ್ಬರ ಕಣ್ಣಿಗಾಗಿ, ಉಣ್ಣುವುದು ಮಾತ್ರ ನಮ್ಮ ನಾಲಗೆಗಾಗಿ ಎಂಬುದು ಅದರ ಭಾವ. ಹಾಗಾದರೆ ಓದುವುದು ಯಾರ ಇಚ್ಛೆ? ಹಾಡು ಕೇಳುವುದು ಯಾರ ಇಚ್ಛೆ? ಇವು ಊಟದಂತೆ ತನ್ನಿಚ್ಛೆಯೇ ಆಗಿರಬೇಕಾದುದು ನ್ಯಾಯ. ಆದರೆ ಈಚೆಗೆ ಇವೂ ಪರರಿಚ್ಛೆಯಾಗುತ್ತ ನಡೆದಿವೆ. ಅಂಗೈಯೊಳಗಿನ ಮೊಬೈಲು ಮುಂದೇನು ನೋಡಬೇಕೆಂಬುದನ್ನು ತಾನೇ ನಿಶ್ಚಯಿಸಿ ಮುಂದಿಡುತ್ತದೆ. ಬಹುಜನ ನೋಡಿದ್ದನ್ನೇ ನಮಗೂ ತಂದು ಬಡಿಸುತ್ತದೆ. ಹೀಗಿರುವಾಗ ಇತ್ತೀಚೆಗೆ ನಾನು ಓದಿ, ನೋಡಿ, ಕೇಳಿ ಮೆಚ್ಚಿದ ಕೆಲವನ್ನು ಹೆಸರಿಸಿ, ಏಕೆ ಮೆಚ್ಚಿದೆನೆಂಬುದನ್ನು ನಾಲ್ಕು ಮಾತಿನಲ್ಲಿ ವಿವರಿಸಿದರೆ ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ. ಮೆಚ್ಚಿಗೆಯನ್ನು ಹೇಳುವುದು ಸುಲಭ. ಮೆಚ್ಚಿಗೆಗೆ ಕಾರಣವನ್ನು ಹೇಳುವುದೇ ಕಷ್ಟ. ಆ ಕಾರಣದಲ್ಲಿ ಮಾತ್ರ ಓದುಗರಿಗೆ ಪ್ರಯೋಜನವುಂಟು.

ಮೊದಲು ನಮ್ಮ ಸೀಮೆಯ ಮಾತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಇವು ತೊಗರಿಯ ಹೊಲಗಳ, ಪರಸಿ ಕಲ್ಲಿನ ಗಣಿಗಳ, ಸಿಮೆಂಟು ಕಾರ್ಖಾನೆಗಳ ಊರುಗಳು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ನಿಜಾಮ ಸಂಸ್ಥಾನದ ರೈಲು ಓಡಿತು. 1948ರವರೆಗೆ ಕಚೇರಿಯ ಭಾಷೆಯೂ ಮೇಲಿನ ತರಗತಿಗಳ ಪಾಠದ ಭಾಷೆಯೂ ಉರ್ದುವಾಗಿತ್ತು. ಪೂರ್ವಕ್ಕೆ ಹೋದರೆ ತೆಲುಗು, ಸಂತೆಯಲ್ಲಿ ದಖನಿ, ಮನೆಯಲ್ಲಿ ಕನ್ನಡ. ಆ ಕನ್ನಡವೂ ಪುಸ್ತಕದ ಕನ್ನಡವಲ್ಲ. ಇಲ್ಲಿಯ ಮಕ್ಕಳು ‘ಮನೆ’ಯನ್ನು ‘ಮನಿ’ ಎನ್ನುತ್ತಾರೆ, ‘ಮೇಲೆ’ಯನ್ನು ‘ಮ್ಯಾಲ’ ಎನ್ನುತ್ತಾರೆ, ‘ಹೇಗೆ’ಯನ್ನು ‘ಹ್ಯಾಂಗ’ ಎನ್ನುತ್ತಾರೆ. ದೂರದರ್ಶನದಲ್ಲಿ, ಸಿನಿಮಾದಲ್ಲಿ ಈ ಮಾತು ಬಂದರೆ ಬಹುಮಟ್ಟಿಗೆ ನಗಿಸುವುದಕ್ಕಾಗಿಯೇ ಬರುತ್ತದೆ. ಇದನ್ನು ನೋಡುತ್ತ ಬೆಳೆದ ಹುಡುಗನು ತನ್ನ ತಾಯಿಯ ಮಾತು ನಗೆಪಾಟಲಿನ ಮಾತೆಂದು ನಂಬುತ್ತಾನೆ. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಬಾಯಿ ಬಿಡುವುದಿಲ್ಲ. ಉತ್ತರ ಗೊತ್ತಿಲ್ಲದ ಮೌನ ಬೇರೆ, ನಾಚಿಕೆಯ ಮೌನ ಬೇರೆ. ಮೊದಲನೆಯದನ್ನು ಪಾಠ ಹೇಳಿ ಬಿಡಿಸಬಹುದು; ಎರಡನೆಯದಕ್ಕೆ ಪಾಠವೊಂದೇ ಸಾಲದು. ನಾನು ಮೆಚ್ಚಿದ ಕೃತಿಗಳನ್ನೆಲ್ಲ ಈ ಎರಡನೆಯ ಮೌನವನ್ನು ಎದುರಿಗಿಟ್ಟುಕೊಂಡೇ ಆರಿಸಿದ್ದೇನೆ.

ಮೊದಲನೆಯ ಹೊತ್ತಗೆ ‘ಕವಿರಾಜಮಾರ್ಗ’. ಇತ್ತೀಚಿನ ಮೆಚ್ಚಿಗೆಯ ಪಟ್ಟಿಯಲ್ಲಿ ಒಂಬತ್ತನೆಯ ಶತಮಾನದ ಗ್ರಂಥವೇ ಎಂದು ಯಾರಾದರೂ ಹುಬ್ಬೇರಿಸಿಯಾರು. ಗ್ರಂಥ ಹಳೆಯದು, ಓದು ಹೊಸದು. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಇದೇ ಅತ್ಯಂತ ಪ್ರಾಚೀನವಾದುದು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಅವನ ಸಮ್ಮತಿಯಿಂದ, ಶ್ರೀವಿಜಯನೆಂಬ ಕವಿ ರಚಿಸಿದನೆಂಬುದು ಇಂದು ವಿದ್ವಾಂಸರು ಹೆಚ್ಚಾಗಿ ಒಪ್ಪಿರುವ ಮತ. ಆ ಆಸ್ಥಾನವಿದ್ದ ಮಾನ್ಯಖೇಟವೇ ಇಂದಿನ ಮಳಖೇಡ. ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿದೆ. ಬಸ್ಸಿನಲ್ಲಿ ಹೋಗುವಾಗ ಕೋಟೆಯನ್ನು ನೋಡಿದವರು ಸಾವಿರಾರು ಮಂದಿ; ಆ ಊರಿನಿಂದ ಹೊರಟ ಗ್ರಂಥವನ್ನು ತೆರೆದು ನೋಡಿದವರು ವಿರಳ. ಕೆ. ಬಿ. ಪಾಠಕರು 1898ರಲ್ಲಿ ಇದನ್ನು ಮೊದಲು ಅಚ್ಚಿಗೆ ತಂದರು, ಮುಂದೆ ಎಂ. ವಿ. ಸೀತಾರಾಮಯ್ಯ ಮೊದಲಾದವರ ಪರಿಷ್ಕರಣಗಳು ಬಂದವು.

ಇದು ಅಲಂಕಾರಶಾಸ್ತ್ರ, ಸಂಸ್ಕೃತದ ದಂಡಿಯ ‘ಕಾವ್ಯಾದರ್ಶ’ವನ್ನು ಬಹುಮಟ್ಟಿಗೆ ಅನುಸರಿಸಿದೆ. ಮೂರು ಪರಿಚ್ಛೇದಗಳಲ್ಲಿ ಕ್ರಮವಾಗಿ ದೋಷ, ಶಬ್ದಾಲಂಕಾರ, ಅರ್ಥಾಲಂಕಾರಗಳ ವಿಚಾರವಿದೆ. ಎಲ್ಲರೂ ಎಲ್ಲವನ್ನೂ ಓದಬೇಕೆಂದು ನಾನು ಹೇಳಲಾರೆ. ಮೊದಲನೆಯ ಪರಿಚ್ಛೇದವೊಂದನ್ನು ಗದ್ಯಾನುವಾದದ ಸಹಾಯದಿಂದ ಓದಿದರೆ ಸಾಕು. ಅಲ್ಲಿ ಕವಿ ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಳೆಯುತ್ತಾನೆ. ಈ ನಾಡಿನ ಜನ ಶಾಸ್ತ್ರವನ್ನು ಕ್ರಮವಾಗಿ ಕಲಿಯದೆಯೂ ಕಾವ್ಯವನ್ನು ಬಳಸಬಲ್ಲ ಬುದ್ಧಿಯುಳ್ಳವರೆಂದು ಹೊಗಳುತ್ತಾನೆ. ಕನ್ನಡದ ತಿರುಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವೆ ಇದೆಯೆನ್ನುತ್ತಾನೆ. ಇಲ್ಲೊಂದು ಸ್ವಾರಸ್ಯವನ್ನು ಗಮನಿಸಬೇಕು: ರಾಜಧಾನಿಯ ಆಶ್ರಯದಲ್ಲಿದ್ದ ಕವಿ ತಿರುಳ್ಗನ್ನಡದ ಊರುಗಳ ಪಟ್ಟಿಯಲ್ಲಿ ರಾಜಧಾನಿಯನ್ನು ಸೇರಿಸಲಿಲ್ಲ. ಅಧಿಕಾರವಿದ್ದಲ್ಲಿಯೇ ಒಳ್ಳೆಯ ಭಾಷೆಯೂ ಇರುತ್ತದೆಂಬ ಭ್ರಮೆ ಅವನಿಗಿರಲಿಲ್ಲ.

ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಮಾತು. ಕನ್ನಡದ ದೇಸಿ ಒಂದೊಂದು ಕಡೆಗೆ ಒಂದೊಂದು ಬಗೆಯಾಗಿರುವುದರಿಂದ, ಇಷ್ಟೇ ದೋಷಗಳೆಂದು ಎಣಿಸಿ ಮುಗಿಸಹೊರಟರೆ ವಾಸುಕಿಗೂ ಬೇಸರ ಬಂದೀತು ಎನ್ನುತ್ತಾನೆ ಕವಿ. ಸಾವಿರದ ನೂರು ವರ್ಷಗಳಿಗೂ ಹಿಂದೆ ದೋಷಪ್ರಕರಣವನ್ನೇ ಬರೆಯಲು ಕುಳಿತ ಶಾಸ್ತ್ರಕಾರನಿಗೆ ಈ ತಾಳ್ಮೆಯಿತ್ತು. ‘ಮನಿ’ ಎಂದ ಹುಡುಗನನ್ನು ಕಂಡು ನಗುವವರಿಗೆ ಮಳಖೇಡದ ಈ ಉತ್ತರ ಸಾಲದೆ? ತರಗತಿಯಲ್ಲಿ ನಾನು ಕರಿಹಲಗೆಯ ಎಡಕ್ಕೆ ಮನೆಯ ರೂಪವನ್ನೂ ಬಲಕ್ಕೆ ಗ್ರಂಥದ ರೂಪವನ್ನೂ ಬರೆಸುತ್ತೇನೆ. ಪರೀಕ್ಷೆಗೆ ಬಲಗಡೆಯದು ಬೇಕು, ನಿಜ. ಆದರೆ ಎಡಗಡೆಯದು ತಪ್ಪಲ್ಲ, ಇನ್ನೊಂದು ದೇಸಿ. ‘ನಾ ಒಲ್ಲೆ’ ಎಂದು ನಮ್ಮ ಮಕ್ಕಳು ದಿನಕ್ಕೆ ಹತ್ತು ಸಲ ಹೇಳುತ್ತಾರೆ. ಆ ‘ಒಲ್ಲೆ’ ಹಳಗನ್ನಡ ಕವಿಗಳ ‘ಒಲ್ಲೆನ್’ ಎಂಬುದರ ನೇರ ಉಳಿಕೆಯೆಂದು ತಿಳಿಸಿದ ದಿನ ತರಗತಿಯ ಮುಖ ಬೇರೆಯಾಗುತ್ತದೆ.

ಹಳಗನ್ನಡವೆಂದರೆ ಹೆದರುವವರಿಗೆ ಒಂದು ಉಪಾಯವುಂಟು. ಈ ಗ್ರಂಥದ ಹೆಚ್ಚಿನ ಭಾಗ ಕಂದಪದ್ಯಗಳಲ್ಲಿದೆ. ಕಂದಕ್ಕೆ ನಾಲ್ಕು ಸಾಲು. ನಾಲ್ಕು ಮಾತ್ರೆಗೆ ಒಂದು ಗಣ. ಒಂದು ಮತ್ತು ಮೂರನೆಯ ಸಾಲಿಗೆ ಮೂರು ಗಣ, ಎರಡು ಮತ್ತು ನಾಲ್ಕನೆಯ ಸಾಲಿಗೆ ಐದು ಗಣ. ಒಟ್ಟು 64 ಮಾತ್ರೆ. ಅರ್ಥವನ್ನು ಮರೆತು, ಬೆರಳಿನಿಂದ ನಾಲ್ಕು ನಾಲ್ಕು ಎಣಿಸುತ್ತ ಎರಡು ಸಲ ಗಟ್ಟಿಯಾಗಿ ಓದಿರಿ. ಮೂರನೆಯ ಸಲಕ್ಕೆ ಪದಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಕಣ್ಣಿಗೆ ಕಗ್ಗಂಟಾದದ್ದು ಕಿವಿಗೆ ಸಡಿಲವಾಗುವುದುಂಟು.

ಇದರ ಜೊತೆಗೆ ಓದಬೇಕಾದ ಚಿಕ್ಕ ಪುಸ್ತಕ ಕೆ. ವಿ. ಸುಬ್ಬಣ್ಣನವರ ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’. ಹೆಗ್ಗೋಡಿನಲ್ಲಿ ಕುಳಿತು ನೀನಾಸಂ ಕಟ್ಟಿದ ಸುಬ್ಬಣ್ಣನವರು ಮಳಖೇಡದ ಈ ಗ್ರಂಥವನ್ನು ಪಂಡಿತರ ಕೈಯಿಂದ ಬಿಡಿಸಿ ನಮ್ಮ ಕಾಲದ ಪ್ರಶ್ನೆಗಳ ಮುಂದೆ ಇಟ್ಟರು. ಪಂಡಿತ ಪರಂಪರೆಯಲ್ಲಿ ಕಲಿತ ನನಗೆ ಅವರ ಎಲ್ಲ ನಿರ್ಣಯಗಳೂ ಒಪ್ಪಿಗೆಯಾಗವು. ಆದರೂ ಕನ್ನಡವು ಲೋಕಕ್ಕೆ ಎದುರಾಗಿ ನಿಂತದ್ದಲ್ಲ, ಲೋಕದೊಳಗೇ ತನ್ನತನದಿಂದ ನಿಂತದ್ದು ಎಂಬ ಅವರ ಒಳನೋಟ ಗಡಿಯ ಊರಿನವರಿಗೆ ದಿನಬಳಕೆಯ ಬುತ್ತಿ. ನಮ್ಮ ನೆರೆಯಲ್ಲಿ ತೆಲುಗಿದೆ, ಉರ್ದುವಿದೆ, ಮರಾಠಿಯಿದೆ. ಅವನ್ನು ದೂರಿ ನಾವು ಕನ್ನಡಿಗರಾಗಬೇಕಿಲ್ಲ.

ಎರಡನೆಯ ಹೊತ್ತಗೆ ಗೀತಾ ನಾಗಭೂಷಣರ ‘ಬದುಕು’ ಕಾದಂಬರಿ. ಕಲಬುರಗಿಯ ಬಳಿಯ ಸಾವಳಗಿಯಲ್ಲಿ, ಬಡತನದ ಮನೆಯಲ್ಲಿ, 1942ರಲ್ಲಿ ಹುಟ್ಟಿದ ಈ ಲೇಖಕಿ ಉದ್ಯೋಗ ಮಾಡುತ್ತಲೇ ಓದಿ ಅಧ್ಯಾಪಕಿಯಾದರು. ‘ಬದುಕು’ ಕೃತಿಗೆ 2004ರ ಸಾಲಿನ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕನ್ನಡದಲ್ಲಿ ಆ ಪ್ರಶಸ್ತಿಯನ್ನು ಪಡೆದ ಮೊದಲ ಮಹಿಳೆ ಅವರೇ. 2010ರಲ್ಲಿ ಗದಗಿನಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, 2020ರಲ್ಲಿ ತೀರಿಕೊಂಡರು.

ಈ ಕಾದಂಬರಿಯನ್ನು ನಾನು ಮೆಚ್ಚಿದ್ದು ಪ್ರಶಸ್ತಿಯ ಕಾರಣದಿಂದಲ್ಲ. ಕೂಲಿನಾಲಿ ಮಾಡುವ ಕೆಳಜಾತಿಯ ಜನ, ಅದರಲ್ಲಿಯೂ ಹೆಂಗಸರು, ಇಲ್ಲಿ ಕಲಬುರಗಿ ಸೀಮೆಯ ಮಾತಿನಲ್ಲಿಯೇ ಜಗಳವಾಡುತ್ತಾರೆ, ಅಳುತ್ತಾರೆ, ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ. ಆ ಮಾತು ಇಲ್ಲಿ ನಗಿಸುವುದಕ್ಕೆ ಬಂದದ್ದಲ್ಲ. ನೋವನ್ನು ಹೊರುವುದಕ್ಕೆ ಬಂದದ್ದು. ಬೆಂಗಳೂರು ಮೈಸೂರಿನ ಓದುಗರಿಗೆ ಮೊದಲ ಕೆಲವು ಪುಟಗಳು ಕಷ್ಟವಾಗಬಹುದು. ನಮ್ಮ ಕಡೆಯವರಿಗೆ ತದ್ವಿರುದ್ಧ: ಅಚ್ಚಿನ ಅಕ್ಷರದಲ್ಲಿ ಅವ್ವನ ದನಿ ಕೇಳಿಬರುತ್ತದೆ. ಶೈಲಿ ಅಲ್ಲಲ್ಲಿ ಹರಡಿಕೊಂಡಿದೆ, ಕತ್ತರಿಸಬಹುದಾದ ಭಾಗಗಳಿವೆ ಎಂಬುದೂ ನಿಜವೇ. ಆದರೆ ದಟ್ಟವಾದ ಹೊಲದಲ್ಲಿ ನಾಲ್ಕು ಕಸದ ಗಿಡ ಕಂಡ ಮಾತ್ರಕ್ಕೆ ಬೆಳೆಯನ್ನು ಅಲ್ಲಗಳೆಯುವವರುಂಟೆ?

ಇನ್ನು ನೋಟದ ಸಂಗತಿ. ದೂರದರ್ಶನದ ಚರಿತ್ರೆಯಲ್ಲಿ ನಮ್ಮ ಸೀಮೆಗೆ ಒಂದು ವಿಶೇಷ ಸ್ಥಾನವುಂಟೆಂಬುದನ್ನು ಬಹಳ ಜನ ಮರೆತಿದ್ದಾರೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕೆಯ ಒಂದು ಉಪಗ್ರಹದ ಮೂಲಕ ಭಾರತದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಶಿಕ್ಷಣದ ಕಾರ್ಯಕ್ರಮಗಳನ್ನು ಬಿತ್ತರಿಸುವ ಪ್ರಯೋಗ ನಡೆಯಿತು. ಕರ್ನಾಟಕದಿಂದ ಆರಿಸಿದ್ದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳನ್ನು. ತಂತಿಬಲೆಯ ಹತ್ತು ಅಡಿ ಅಗಲದ ಕೊಡೆಯಂಥ ಆಂಟೆನಾ, ಅದರ ಕೆಳಗೆ ಊರಿಗೊಂದು ಪೆಟ್ಟಿಗೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಾಯಂಕಾಲ ರೈತರಿಗೆ. 1977ರಲ್ಲಿ ಕಲಬುರಗಿಯಲ್ಲಿ ದೂರದರ್ಶನ ಕೇಂದ್ರ ಬಂದಿತು. ಬೆಂಗಳೂರಿಗೆ ಬಂದದ್ದು 1981ರಲ್ಲಿ. ಕಲಿಸುವುದಕ್ಕೆಂದು ಬಂದ ಪೆಟ್ಟಿಗೆ ಮುಂದೆ ಕಾಲಹರಣಕ್ಕೆ ಮೀಸಲಾದದ್ದು ಪೆಟ್ಟಿಗೆಯ ದೋಷವಲ್ಲ.

ಆ ಮೊದಲ ಉದ್ದೇಶವನ್ನು ಉಳಿಸಿಕೊಂಡದ್ದೆಂದು ನಾನು ಮೆಚ್ಚುವುದು ಚಂದನ ವಾಹಿನಿಯಲ್ಲಿ 2002ರಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’. ವೃತ್ತಿಯಿಂದ ವೈದ್ಯರಾದ ಡಾ. ನಾ. ಸೋಮೇಶ್ವರರು ನಡೆಸಿಕೊಟ್ಟ ಈ ರಸಪ್ರಶ್ನೆ ಸಾವಿರಾರು ಕಂತುಗಳನ್ನು ಕಂಡಿತು. ಸರಿಯಾದ ಉತ್ತರಕ್ಕೆ ಬಹುಮಾನ ಲಕ್ಷ ರೂಪಾಯಿಯಲ್ಲ, ಕನ್ನಡದ ಒಂದು ಪುಸ್ತಕ! ತಪ್ಪಿದವರನ್ನು ಹೀಯಾಳಿಸುವುದಿಲ್ಲ, ಗೆದ್ದವರನ್ನು ಆಕಾಶಕ್ಕೇರಿಸುವುದಿಲ್ಲ. ಇದರ ಮಾದರಿಯನ್ನು ಯಾವ ಶಾಲೆಯಲ್ಲಿಯಾದರೂ ಖರ್ಚಿಲ್ಲದೆ ನಡೆಸಬಹುದು. ಶನಿವಾರದ ಕೊನೆಯ ಅರ್ಧ ತಾಸು ಸಾಕು. ಕಾಗಿಣಾ ಯಾವ ನದಿಯನ್ನು ಸೇರುತ್ತದೆ? ಭೀಮೆಯನ್ನು. ಅಶೋಕನ ಶಿಲ್ಪದ ಕೆಳಗೆ ಅವನ ಹೆಸರನ್ನೇ ಕೊರೆದಿರುವ ಕಲ್ಲು ದೊರೆತದ್ದೆಲ್ಲಿ? ಚಿತ್ತಾಪುರ ಸೀಮೆಯ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ. ತನ್ನ ಊರೂ ಒಂದು ಪ್ರಶ್ನೆಗೆ ಉತ್ತರವಾಗಬಲ್ಲದೆಂದು ಕಂಡ ಹುಡುಗನು ಬಾಯಿ ಬಿಡದೆ ಇರಲಾರ.

ಕೊನೆಯದು ಸಂಗೀತ. ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರು, ಧಾರವಾಡದ ಮಲ್ಲಿಕಾರ್ಜುನ ಮನಸೂರರು, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಬಳಿ ಕಲಿತು 2016ರಲ್ಲಿ ಪದ್ಮಶ್ರೀ ಪಡೆದ ಎಂ. ವೆಂಕಟೇಶಕುಮಾರರು ಈ ಮೂವರ ವಚನಗಾಯನವನ್ನು ಈಚೆಗೆ ಮತ್ತೆ ಮತ್ತೆ ಕೇಳಿದ್ದೇನೆ. ವಚನಕ್ಕೆ ಛಂದಸ್ಸಿನ ಕಟ್ಟಿಲ್ಲ; ಗಣವಿಲ್ಲ, ಪ್ರಾಸದ ನಿಯಮವಿಲ್ಲ. ಹೀಗಿರುವಾಗ ಗಾಯಕನು ಮಾಡುವುದೇನು? ಒಂದು ಮಾತನ್ನು ಪಲ್ಲವಿಯಂತೆ ಹಿಡಿಯುತ್ತಾನೆ. ಉಳಿದ ಮಾತುಗಳನ್ನು ಉಸಿರಿನ ಅಳತೆಗೆ ತಕ್ಕಂತೆ ತಾಳದ ಮೇಲೆ ಹರಡುತ್ತಾನೆ. ಎಲ್ಲಿ ಅರ್ಥ ತಿರುಗುವುದೋ ಅಲ್ಲಿ ಸ್ವರವನ್ನೂ ತಿರುಗಿಸುತ್ತಾನೆ. ಮೂವರ ಗಾಯನವನ್ನೂ ಹೋಲಿಸಿ ಕೇಳಿದರೆ ವಚನದ ವ್ಯಾಖ್ಯಾನವೊಂದನ್ನು ಓದಿದಷ್ಟು ಲಾಭ.

ಆದರೆ ನನ್ನ ಹೃದಯಕ್ಕೆ ಇನ್ನೂ ಹತ್ತಿರವಾದದ್ದು ತತ್ವಪದ. ನಮ್ಮ ಜಿಲ್ಲೆಯ ಕಡಕೋಳದ ಮಡಿವಾಳಪ್ಪನವರು ಈ ಪರಂಪರೆಯ ಹಿರಿಯರು. ಅವರ ಶಿಷ್ಯಬಳಗದಲ್ಲಿ ಚೆನ್ನೂರಿನ ಜಲಾಲಸಾಹೇಬರೂ ಇದ್ದಾರೆ, ಖೈನೂರಿನ ಕೃಷ್ಣಪ್ಪನವರೂ ಇದ್ದಾರೆ. ಜಾತಿಮತಗಳ ಗೋಡೆಯನ್ನು ಗುರುವಿನ ಹೆಸರಿನಲ್ಲಿ ದಾಟಿದ ಬಳಗವಿದು. ಅಮಾವಾಸ್ಯೆಯ ರಾತ್ರಿ ಏಕತಾರಿ, ದಮ್ಮಡಿ, ತಾಳಗಳೊಡನೆ ಭಜನೆಯವರು ಕುಳಿತರೆ ಬೆಳಗಾಗುವವರೆಗೆ ಪದಗಳು ತೀರುವುದಿಲ್ಲ. ಒಬ್ಬನು ಪಲ್ಲವಿ ಎತ್ತುತ್ತಾನೆ, ಮೇಳದವರು ಹಿಡಿಯುತ್ತಾರೆ, ಕೊನೆಯ ನುಡಿಯಲ್ಲಿ ಅಂಕಿತ ಬರುತ್ತದೆ. ಹಾಡುವವರಲ್ಲಿ ಗಣಿಯ ಕೂಲಿಯುಂಟು, ಹೊಲದ ಆಳುಂಟು, ಓದುಬರಹ ಬಾರದವರೂ ಉಂಟು. ಶಾಸ್ತ್ರ ಕಲಿಯದೆಯೂ ಕಾವ್ಯವನ್ನು ಬಳಸಬಲ್ಲ ಜನ ಎಂದು ಮಳಖೇಡದ ಕವಿ ಬರೆದದ್ದು ಬರಿಯ ಹೊಗಳಿಕೆಯಲ್ಲವೆಂಬುದಕ್ಕೆ ಇವರೇ ಸಾಕ್ಷಿ.

ತತ್ವಪದಗಳು ಈಗ ಸಂಪುಟಗಳಾಗಿ ಅಚ್ಚಾಗಿವೆ, ಸಂತೋಷ. ಆದರೆ ಧಾಟಿ ಅಚ್ಚಿಗೆ ಸಿಕ್ಕುವುದಿಲ್ಲ. 1966ರಲ್ಲಿ ಆರಂಭವಾದ ಕಲಬುರಗಿ ಆಕಾಶವಾಣಿಯಂಥ ಕೇಂದ್ರಗಳು ಇಂಥ ಗಾಯಕರ ಕಂಠವನ್ನು ಮನೆಮನೆಗೆ ಮುಟ್ಟಿಸಿದವು. ಈಗ ಪ್ರತಿ ಮನೆಯಲ್ಲಿಯೂ ಧ್ವನಿಮುದ್ರಣ ಮಾಡಬಲ್ಲ ಮೊಬೈಲು ಇದೆ. ನಿಮ್ಮ ಊರಿನ ಹಿರಿಯ ಭಜನೆಯವರೊಬ್ಬರು ಬಲ್ಲ ಪದಗಳನ್ನು, ಅವರ ಅಪ್ಪಣೆ ಪಡೆದು, ಒಂದೊಂದಾಗಿ ಮುದ್ರಿಸಿಕೊಳ್ಳಿರಿ. ಹಾಡಿದವರ ಹೆಸರು, ಊರು, ಅವರು ಯಾರಿಂದ ಕಲಿತರೆಂಬುದನ್ನು ತಪ್ಪದೆ ಬರೆದಿಡಿರಿ. ಒಬ್ಬ ಹಾಡುಗಾರರು ಹೋದರೆಂದರೆ ಎಷ್ಟೋ ಧಾಟಿಗಳು ಅವರೊಡನೆಯೇ ಹೋಗುತ್ತವೆ.

ಒಂದು ಕೃತಿಯನ್ನು ಮೆಚ್ಚುವ ಮುನ್ನ ನಾನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇನೆ. ಎರಡನೆಯ ಸಲ ಓದಬೇಕೆನಿಸುವುದೇ, ಕೇಳಬೇಕೆನಿಸುವುದೇ? ಇನ್ನೊಬ್ಬರಿಗೆ ಹೇಳಬೇಕೆನಿಸುವುದೇ? ಅದು ನನ್ನ ಸುತ್ತಲಿನ ಜನರನ್ನು ಮೊದಲಿಗಿಂತ ಹೆಚ್ಚಾಗಿ ಗೌರವಿಸುವಂತೆ ಮಾಡುವುದೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಅದು ನನ್ನ ಪಟ್ಟಿಯಲ್ಲಿ ಉಳಿಯುತ್ತದೆ. ಓದುಗರು ನನ್ನ ಪಟ್ಟಿಯನ್ನೇ ಒಪ್ಪಬೇಕೆಂದಿಲ್ಲ, ತಮ್ಮದೊಂದನ್ನು ಮಾಡಿಕೊಳ್ಳಲಿ. ಒಂದು ಪುಸ್ತಕ, ಒಂದು ನೋಟ, ಒಂದು ಹಾಡು, ಇಷ್ಟಾದರೂ ಸಾಕು. ಅದನ್ನು ಮನೆಯ ಮಕ್ಕಳಿಗೆ ಮನೆಯ ಮಾತಿನಲ್ಲಿಯೇ ವಿವರಿಸಲಿ.